ಮಾವನ ಕಾರ್ಡು

ಚಾಮರಾಜಪೇಟೆ,
ಸೋಮವಾರ, ೯ ಜೂನ್ ೨೦೨೫

ನನ್ನ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಬಾಣಂತನ ಅಂತ ತುಮಕೂರಿಗೆ ಹೋದವಳು ನೀನೇ ಮಲಗಿಬಿಡಬೇಡ. ಪಾಪು ರಾತ್ರಿಯೆಲ್ಲ ಅಳುತ್ತಂತೆ, ಅಕ್ಕ ಹೇಳಿದಳು. ಅಪ್ಪ ಇಲ್ಲಿ ದಿನಾ ಉಪ್ಪಿಟ್ಟು ಮಾಡ್ತಿದಾರೆ, ನಾನು ಸುಮ್ಮನೆ ತಿಂತಿದೀನಿ.

ನಿನ್ನ ತಮ್ಮನ ವಿಷಯ ಬೇರೆಯವರ ಮಾತು ನಂಬೋಕೆ ಮುಂಚೆ ನಡೆದದ್ದನ್ನ ನಾನೇ ಬರೀತೀನಿ. ತರಗುಪೇಟೆ ಮಂಡಿಗಳವರು ದಾಸ್ತಾನು ನೋಡಿಕೊಳ್ಳೋ ಪ್ರೋಗ್ರಾಮನ್ನ ಮಾವನ ಆಫೀಸಲ್ಲಿ ಕೂತು ಬರೆದವಳು ನಾನು. ಅವರು ಊರೆಲ್ಲ ತಾವೇ ಬರೆದಿದ್ದು ಅಂತ ಹೇಳ್ಕೊಂಡು ತಿರುಗಿದರು. ನನ್ನ ಹೆಸರೂ ಹಾಕಿ ಅಂದಿದ್ದಕ್ಕೆ, "ಮನೆ ಹುಡುಗಿಗೆ ಹೆಸರು ಯಾಕಮ್ಮ" ಅಂತ ನಕ್ಕು, ಮಾರನೇ ವಾರ ಕೆಲಸದಿಂದಲೇ ತೆಗೆದರು. ಹೊಂದಿಕೊಂಡು ಹೋಗು ಅಂತ ನೀನೂ ಅಂದೆ. ನಾನು ಹೊಂದಿಕೊಳ್ಳಲಿಲ್ಲ, ಕಾದೆ.

ಅದಕ್ಕೂ ಮೊದಲು ಅವರಿಗೆ ಒಂದು ವಿಸಿಟಿಂಗ್ ಕಾರ್ಡ್ ಮಾಡಿಕೊಟ್ಟಿದ್ದೆ. ಕಾಗದದ್ದಲ್ಲ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ ಬಣ್ಣದ ಚೌಕಟ್ಟಿನೊಳಗೆ ಹೆಸರು, ಕೆಲಸ, ಫೋನ್ ನಂಬರ್ ಬರುತ್ತೆ. ಯಾವ ಊರಲ್ಲಿ ಯಾರು ಟೈಪ್ ಮಾಡಿದರೂ ಅದೇ ಕಾರ್ಡು. ಅದು ಇದ್ದದ್ದು ಇಂಟರ್ನೆಟ್ಟಿನ ನನ್ನ ಖಾತೆಯಲ್ಲಿ, ತಿದ್ದೋಕೆ ಆಗೋದು ನನಗೆ ಮಾತ್ರ. ನನ್ನನ್ನ ಹೊರಗೆ ಹಾಕುವಾಗ ಮಾವನಿಗೆ ಅದು ನೆನಪಾಗಲೇ ಇಲ್ಲ.

ಶನಿವಾರ ಮಲ್ಲೇಶ್ವರದಲ್ಲಿ ಪ್ರೋಗ್ರಾಮರುಗಳ ಸಭೆ. ಮಾವ ಭಾಷಣ ಮುಗಿಸಿ, "ನನ್ನ ಕಾರ್ಡ್ ಬೇಕಾದವರು ಇದನ್ನ ಟೈಪ್ ಮಾಡಿ" ಅಂತ ದೊಡ್ಡ ಪರದೆ ಮೇಲೆ ತಾವೇ ಮಾಡಿ ತೋರಿಸಿದರು. ಹೆಸರು ಬಂತು, ನಂಬರ್ ಬಂತು. ಅದರ ಕೆಳಗೆ ನಾನು ಬೆಳಿಗ್ಗೆ ಸೇರಿಸಿದ್ದ ಸಾಲೂ ಬಂತು: "ಈ ಕಾರ್ಡನ್ನೂ ಇವರು ತಮ್ಮದೆನ್ನುವ ದಾಸ್ತಾನು ಪ್ರೋಗ್ರಾಮನ್ನೂ ಬರೆದವಳು ಶರಣ್ಯ. ಹೆಸರು ಕೇಳಿದ್ದಕ್ಕೆ ಕೆಲಸದಿಂದ ತೆಗೆದರು."

ಏನೋ ತಪ್ಪಾಗಿದೆ ಅಂತ ಮಾವ ಮತ್ತೆ ಟೈಪ್ ಮಾಡಿದರು. ಮತ್ತೆ ಅದೇ ಬಂತು. ಅಷ್ಟರಲ್ಲಿ ಎಲ್ಲರ ಲ್ಯಾಪ್‌ಟಾಪಲ್ಲೂ ಬಂದಿತ್ತು. "ಸರ್, ಶರಣ್ಯ ಯಾರು?" ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಮಾವ ಲ್ಯಾಪ್‌ಟಾಪ್ ಮುಚ್ಚುತ್ತಾ, "ನಮ್ಮ ಅಕ್ಕನ ಮಗಳು" ಅಂದರು. ಹಿಂದಿನ ಸಾಲಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಅವರು ನನ್ನನ್ನ ನೋಡಿ ಮೈಕ್ ಕೆಳಗಿಟ್ಟರು. ಅಯ್ಯೋ ಅನಿಸಬಹುದು ಅಂದ್ಕೊಂಡಿದ್ದೆ. ಅನಿಸಲಿಲ್ಲ. ಅವರು ವೇದಿಕೆಯಿಂದ ಕೆಳಗಿಳಿದು ಬಾಗಿಲು ದಾಟೋವರೆಗೂ ಕಣ್ತುಂಬಾ ನೋಡಿದೆ.

ಅಕ್ಕನನ್ನ ಕೇಳಿದೆ ಅಂತ ಹೇಳು. ಪಾಪುಗೆ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ.

ನಿನ್ನ ಮಗಳು
ಶರಣ್ಯ

ಮರೆತಿದ್ದೆ: ಭಾನುವಾರ ಪಾಪು ನಾಮಕರಣಕ್ಕೆ ಮಾವ ಬರ್ತಾರಂತೆ, ನನಗೆ ಬರಬೇಡ ಅನ್ನು ಅಂತ ನಿನಗೆ ಫೋನ್ ಮಾಡಿದಾರಂತೆ, ಅಕ್ಕ ಹೇಳಿದಳು. ನಾನು ಬರ್ತೀನಿ. ಊಟದ ಪಂಕ್ತಿಯಲ್ಲಿ ನನ್ನನ್ನ ಅವರ ಎದುರಿಗೇ ಕೂರಿಸು.