ಬ್ರೇಕ್ ಶೂ ಮೇಲಿನ ತಾರೀಖು

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಚಿಣ್ಣಿಯ ಅಪ್ಪನವರಿಗೆ,

ನಿಮ್ಮ ಪತ್ರ ಬಂತು. ನಾನೂ ಬೈಕ್ ಕಲಿಯುತ್ತೇನೆ ಅಂದದ್ದಕ್ಕೆ ಮುನಿಸಿಕೊಂಡು ಹೋದವರು, ನಾಲ್ಕು ತಿಂಗಳು ನಿಮ್ಮಣ್ಣನ ಮನೆಯಲ್ಲಿ ಕೂತು ಯೋಚಿಸಿ ನನ್ನನ್ನು ಕ್ಷಮಿಸಿದ್ದೀರಂತೆ. ಎಂಥ ದೊಡ್ಡ ಮನಸ್ಸು! ಬರುವ ಭಾನುವಾರ ಸೂಟ್‌ಕೇಸ್ ಸಮೇತ ವಾಪಸ್ ಬರುತ್ತೀರಂತೆ. ಅಲ್ಲಿಯವರೆಗೆ ನಾನು ಬೈಕ್ ಮುಟ್ಟಬಾರದಂತೆ, ನನ್ನ ಕೈಗೆ ಸಿಕ್ಕರೆ ಅದು ಕೆಟ್ಟು ಕೆರ ಹಿಡಿಯುತ್ತದಂತೆ.

ಮುಟ್ಟಿದ್ದೇನೆ. ನೀವು ಹೋದ ಮರುವಾರವೇ ಓಡಿಸಲು ಕಲಿತೆ. ಬೆಳಗಿನ ಆರರ ಪಾಳಿಗೆ ಲ್ಯಾಬಿಗೆ ಹೋಗಲು ಬಸ್ಸಿಲ್ಲ, ಗೊತ್ತಲ್ಲ? ಓಡಿಸಿದ ಮೇಲೆ ನೋಡಿಕೊಳ್ಳಲೂ ಬೇಕಲ್ಲ, ಅದನ್ನೂ ಕಲಿತೆ. ಪ್ರತಿ ಭಾನುವಾರ ಅಂಗಳದಲ್ಲಿ ನಿಮ್ಮ ದರ್ಬಾರು ನಡೆಯುತ್ತಿತ್ತು. ಹಳೇ ಬನಿಯನ್ನು ತೊಟ್ಟು, ಪಾನಾಗಳನ್ನು ಸಾಲಾಗಿ ಜೋಡಿಸಿ, 'ಏಯ್, ದೂರ ನಿಲ್ಲು, ಇದೆಲ್ಲ ನಿಂಗೆ ಅರ್ಥ ಆಗಲ್ಲ' ಅನ್ನುತ್ತಿದ್ದಿರಿ. ನಾನೂ ಏನೋ ಮಹಾ ವಿದ್ಯೆ ಅಂದುಕೊಂಡಿದ್ದೆ. ಅಯ್ಯೋ, ಇಷ್ಟೇನಾ! ಚೈನನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಒರೆಸಿ, ಎಣ್ಣೆ ಬಿಡುವುದು. ಇಂಜಿನ್ ಬಿಸಿಯಿದ್ದಾಗ ಹಳೇ ಆಯಿಲ್ ಇಳಿಸಿ ಹೊಸದು ತುಂಬುವುದು. ವಾರಕ್ಕೊಮ್ಮೆ ಮಿಕ್ಸಿ ಬಿಚ್ಚಿ ಜೋಡಿಸುವವಳಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಏರ್ ಫಿಲ್ಟರ್ ತೆಗೆದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಟ್ಯಾಂಕು ಮಾತ್ರ ಫಳಫಳ! ಬೀದಿಯವರಿಗೆ ಕಾಣುವುದನ್ನಷ್ಟೇ ಉಜ್ಜುತ್ತಿದ್ದಿರಿ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ನಿಮಗೆ 'ಬನ್ನಿ' ಎಂದು ಬರೆದು ಮುಗಿಸಿದ್ದೆ, ಅಂಚೆಗೆ ಹಾಕಿರಲಿಲ್ಲ ಅಷ್ಟೇ. ಎರಡು ವರ್ಷದ ಹಿಂದೆ ನನ್ನಿಂದಲೇ ನಾವು ಬೈಕಿನಿಂದ ಬಿದ್ದು ಮಗುವಿನ ಕೈ ಮುರಿಯಿತು, ಕ್ಷಮಿಸಿ ಎಂದು ಮತ್ತೊಮ್ಮೆ ಸೇರಿಸಿದ್ದೆ. ಹಿಂದಿನ ಬ್ರೇಕ್ ಕಿರ್ ಅನ್ನುತ್ತಿತ್ತು. ನೀವು ಬಂದು ಕೊಂಕು ತೆಗೆಯುವುದು ಬೇಡವೆಂದು ಇಂದು ಬೆಳಿಗ್ಗೆ ಚಕ್ರ ಬಿಚ್ಚಿದೆ.

ಹಾಕಿದ ಪ್ರತಿ ಹೊಸ ಭಾಗದ ಮೇಲೂ ಮೊಳೆಯಿಂದ ತಾರೀಖು ಕೆತ್ತುವ ಚಟ ನಿಮ್ಮದು. ಚಕ್ರದೊಳಗೆ ಒತ್ತಿ ಗಾಡಿ ನಿಲ್ಲಿಸುವ ಬ್ರೇಕ್ ಶೂಗಳ ಮೇಲೂ ಕೆತ್ತಿದ್ದೀರಿ. ಎರಡು ವರ್ಷದ ಹಿಂದಿನ ಜೂನ್ ಹನ್ನೆರಡು. ನಾವು ಬಿದ್ದದ್ದು ಹನ್ನೊಂದಕ್ಕೆ.

ಆಸ್ಪತ್ರೆಯ ವರಾಂಡದಲ್ಲಿ ನನ್ನ ಅಮ್ಮನ ಎದುರಿಗೆ ಏನಂದಿರಿ? 'ಹೋದ ವಾರ ತಾನೇ ಹೊಸ ಬ್ರೇಕ್ ಶೂ ಹಾಕಿದೀನಿ. ತಿರುವಿನಲ್ಲಿ ಇವಳೇ ಹೆದರಿ ಹಿಂದಿನಿಂದ ನನ್ನ ಎಳೆದ್ಳು.' ಎಳೆದೆನೋ ಇಲ್ಲವೋ ನನಗೇ ನೆನಪಿರಲಿಲ್ಲ. ನೀವು ಹೇಳಿದ ಮೇಲೆ ಎಳೆದೆ ಅಂತಲೇ ನಂಬಿದೆ. ಮರುದಿನ ಮಗುವಿನ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾಗ, ಮನಸ್ಸು ಸರಿಯಿಲ್ಲ, ಗಾಡಿ ತೊಳೆಯುತ್ತೇನೆ ಎಂದು ಮನೆಗೆ ಹೋದಿರಿ. ಸವೆದ ಶೂಗಳನ್ನು ಬಿಸಾಡಿ ಹೊಸದು ಹಾಕಿದಿರಿ. ಆ ಗಡಿಬಿಡಿಯಲ್ಲೂ ತಾರೀಖು ಕೆತ್ತಲು ಮರೆಯಲಿಲ್ಲವಲ್ಲ, ಏನು ಶಿಸ್ತು! ಥೂ ನಿಮ್ಮ.

ಮಗಳಿಗೆ ಜಡೆ ಹೆಣೆಯುವಾಗಲೆಲ್ಲ, ಆ ಸೊಟ್ಟ ಮೊಣಕೈ ಕಂಡಾಗಲೆಲ್ಲ ತಪ್ಪಾಯ್ತು ಕಂದ ಅಂದಿದ್ದೇನೆ. ನೀವು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಿರಿ.

ಬರಬೇಡಿ. ಬೈಕೂ ಸಿಗುವುದಿಲ್ಲ. ಪಾನಾಗಳು ನನಗೆ ಬೇಕು, ತಾರೀಖು ಕೆತ್ತಿದ ಆ ಶೂಗಳೂ ನನ್ನ ಹತ್ತಿರವೇ ಇರಲಿ. ನಿಮ್ಮ ಮೊಳೆಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ತೆಗೆದುಕೊಳ್ಳಿ.

ಇಂತಿ,
ನಿಮ್ಮನ್ನು ಹಿಂದಿನಿಂದ ಎಳೆಯದವಳು

ವಿ.ಸೂ.: ಚಿಣ್ಣಿಗೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವತ್ತು ಮುಂದೆ ಟ್ಯಾಂಕಿನ ಮೇಲೆ ಕೂತಿದ್ದವಳಿಗೆ ನಿಮ್ಮ ಕಾಲು ಕಾಣುತ್ತಿತ್ತಂತೆ. 'ಅಪ್ಪ ಬ್ರೇಕ್ ಒತ್ತುತ್ತಾನೇ ಇದ್ರಮ್ಮ, ಗಾಡಿ ನಿಲ್ಲಲೇ ಇಲ್ಲ' ಅಂದಳು. ಅಮ್ಮನಿಗೆ ಹೇಳಿದರೆ ಅಪ್ಪ ಮನೆ ಬಿಟ್ಟು ಹೋಗಬೇಕಾಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ್ದಿರಂತೆ. ಈಗ ಒಂದೇ ಸಮನೆ ಅಳುತ್ತಾ ಕೇಳುತ್ತಿದ್ದಾಳೆ: 'ನಾನು ಯಾರಿಗೂ ಹೇಳೇ ಇಲ್ವಲ್ಲಮ್ಮ, ಮತ್ತೆ ಅಪ್ಪ ಯಾಕೆ ಹೋದ್ರು?'