ಇಬ್ಬರಿದ್ದರೆ ಮಾತ್ರ ಹೊರಡುವ ಕಾರು

ವಾಹನ ತಪಾಸಣಾ ಅಂಗಳದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಕಾರು ಸತ್ತಿದೆ ಎಂದು ತಾವು ತೀರ್ಪು ಕೊಟ್ಟಿದ್ದೀರಿ. ಅದು ಸತ್ತಿಲ್ಲ. ನನ್ನ ಬಲ ಮೊಣಕಾಲು ಸಿಗದೆ ಸುಮ್ಮನೆ ನಿಂತಿದೆ, ಅಷ್ಟೆ. ಈ ಮಾತನ್ನು ತಮ್ಮ ಕಚೇರಿಯ ಕಿಟಕಿಯಲ್ಲಿ, ಗೇಟಿನಲ್ಲಿ, ಫೋನಿನಲ್ಲಿ ಹೇಳಿ ನನಗೂ ಸಾಕಾಗಿದೆ, ಕೇಳಿದವರಿಗೂ ಸಾಕಾಗಿದೆ. ತಿಂಗಳ ಕೊನೆಗೆ ಅದನ್ನು ಗುಜರಿಯ ಯಂತ್ರಕ್ಕೆ ಹಾಕಿ ಚಪ್ಪಟೆ ಮಾಡುವುದಾಗಿ ತಮ್ಮ ನೋಟಿಸು ಹೇಳುತ್ತಿರುವುದರಿಂದ ಈಗ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಹೇಳುತ್ತಿದ್ದೇನೆ. ಇಂಥ ಪತ್ರವನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನ ಸಾಲುಗಳು ಮರೆತುಹೋಗಿವೆ. ಬೇಡುವ ಭಾಗವೊಂದು ಮಾತ್ರ ನೆನಪಿನಲ್ಲಿ ಉಳಿದಿರುವುದು ತಮ್ಮ ಕಚೇರಿಯ ವ್ಯವಹಾರಕ್ಕೆ ಅನುಕೂಲವೇ ಆಗಿದೆ.

ಮೊದಲಿನಿಂದ ಹೇಳಿದರೆ ತಮಗೆ ತಿಳಿದೀತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಕಾರು ಓಡಿಸಲು ಕಲಿತವನಲ್ಲ. ನಮ್ಮ ಮನೆಯಲ್ಲಿ ಸ್ಟೇರಿಂಗ್ ಹಿಡಿಯುತ್ತಿದ್ದವಳು ನನ್ನ ಹೆಂಡತಿ. ಅವಳದು ಪರದೆ ಹೊಲಿಯುವ ಕಸುಬು. ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆಯಬೇಕು, ಬಟ್ಟೆ ತರಬೇಕು, ಹೊಲಿದದ್ದನ್ನು ಒಯ್ದು ತೂಗುಹಾಕಿ ನೆರಿಗೆ ಸರಿಮಾಡಿ ಬರಬೇಕು. ಅದಕ್ಕೆಂದೇ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಇದು. ಪರದೆಯ ಕೊಳವೆಗಳು ಉಜ್ಜಿದ ಗೀರುಗಳು ಹಿಂದಿನ ಸೀಟಿನ ಮೇಲೆ ಇವತ್ತಿಗೂ ಇವೆ. ತಮ್ಮ ತಪಾಸಕರು ಅದನ್ನೂ ದೋಷವೆಂದು ಬರೆದುಕೊಂಡಿದ್ದಾರೆ.

ನಾನು ನಿವೃತ್ತನಾದ ವರ್ಷವೇ ಕಾರಿಗೊಂದು ಕಾಯಿಲೆ ಬಂತು. ಕೀ ತಿರುಗಿಸಿದರೆ ಟಕ್ ಎನ್ನುವುದು, ಸುಮ್ಮನಾಗುವುದು. ಎಡಗಡೆ ಸೀಟಿನ ಎದುರಿಗೆ, ಡ್ಯಾಶ್‌ಬೋರ್ಡಿನ ಕೆಳಗೆ, ಯಾವುದೋ ವೈರು ಸಡಿಲವಾಗಿತ್ತು. ಎಡಗಡೆ ಕೂತವರು ಮೊಣಕಾಲಿನಿಂದ ಅಲ್ಲಿ ಮೇಲಕ್ಕೆ ಒತ್ತಿ ಹಿಡಿದು, ಬಲಗಡೆ ಕೂತವರು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಆಮೇಲೆ ಕಾಲು ತೆಗೆದರೂ ಚಿಂತೆಯಿಲ್ಲ, ದಿನವಿಡೀ ಓಡುತ್ತದೆ. ಅಂದಿನಿಂದ ಅವಳು ಎಲ್ಲಿಗೆ ಹೊರಟರೂ ನನ್ನ ಕುರ್ಚಿಯ ಮುಂದೆ ಬಂದು ನಿಲ್ಲುವುದು ರೂಢಿಯಾಯಿತು.

‘ರೀ, ಏಳಿ. ನಿಮ್ಮ ಕಾಲು ಬೇಕು.’

‘ಕಾಲು ಬಿಚ್ಚಿ ಕೊಡ್ತೀನಿ, ತಗೊಂಡು ಹೋಗು.’

‘ಜೊತೇಲಿ ಕೈನೂ ಬಂದ್ರೆ ಟೇಪು ಹಿಡ್ಕೊಳ್ಳೋಕೆ ಆಗುತ್ತೆ. ಆ ಶರ್ಟು ಬದಲಾಯಿಸಿ, ನೋಡಿದವರು ನಾನು ನಿಮ್ಮನ್ನ ಉಪವಾಸ ಕೆಡವಿದ್ದೀನಿ ಅನ್ಕೋತಾರೆ.’

ರಿಪೇರಿ ಮಾಡಿಸಬಾರದೇ ಎಂದು ಒಮ್ಮೆ ಕೇಳಿದ್ದೆ. ‘ಹಳೇ ಗಾಡಿ, ಪಾರ್ಟ್ ಸಿಗಲ್ವಂತೆ’ ಎಂದಿದ್ದಳು. ನಂಬಿದೆ. ಹಾಗಾಗಿ ಅವಳು ಇದ್ದಷ್ಟು ಕಾಲ ಕಂಡವರ ಮನೆಯ ಕಿಟಕಿಗಳ ಮುಂದೆ ಟೇಪಿನ ಒಂದು ತುದಿ ಹಿಡಿದು ನಿಂತೆ. ಜನ ಕೂರಿಸಿ ಚಹಾ ಕೊಟ್ಟರು, ಕಷ್ಟಸುಖ ಹೇಳಿಕೊಂಡರು, ಮಕ್ಕಳ ಪ್ರಬಂಧ ತಿದ್ದಿಸಿಕೊಂಡರು.

ಅವಳು ತೀರಿಕೊಂಡ ಮೇಲೆ ನನ್ನ ತಂಗಿ ಕರೆದಳು. ಅವಳಿರುವುದು ದೇಶದ ಈ ತುದಿಯಲ್ಲಿ, ತಮ್ಮ ಅಂಗಳವಿರುವ ಇದೇ ಊರಿನಲ್ಲಿ. ಶಾಲೆಯ ವ್ಯಾನು ಓಡಿಸಿ ಈಗ ಕೆಲಸ ಬಿಟ್ಟಿರುವವಳು, ಒಬ್ಬಳೇ ಇರುವವಳು.

‘ಬಂದುಬಿಡು ಅಣ್ಣ. ಆದ್ರೆ ಆ ಡಬ್ಬಾ ಮಾತ್ರ ತರಬೇಡ.’

‘ಡಬ್ಬಾ ಬರದಿದ್ರೆ ನಾನೂ ಬರಲ್ಲ.’

‘ಆಯ್ತಪ್ಪ, ತಗೊಂಡು ಬಾ. ನಿನಗಂತೂ ಬರಲ್ಲ, ನಾನೇ ಓಡಿಸಿ ಸಾಯ್ತೀನಿ.’

ಕಾರು ಸಾಗಿಸುವ ಲಾರಿ ಬಂತು. ಲಾರಿಯ ಡ್ರೈವರು ಕಾರಿನೊಳಗೆ ಕೂತು ಕೀ ಹಾಕಿದರು. ನಾನು ಎಂದಿನಂತೆ ಎಡಗಡೆ ಹತ್ತಿ ಮೊಣಕಾಲು ಒತ್ತಿದೆ. ಸ್ಟಾರ್ಟ್ ಆಯಿತು. ಇಬ್ಬರೂ ಕೂತಲ್ಲೇ ಕೂತು ಇಳಿಜಾರಿನ ಹಲಗೆಯ ಮೇಲೆ ಲಾರಿಯೊಳಕ್ಕೆ ಏರಿದೆವು. ‘ಯಜಮಾನ್ರೇ, ನೀವ್ಯಾಕೆ ಹತ್ತಿದ್ರಿ?’ ಎಂದರು. ಅಭ್ಯಾಸ ಎಂದೆ. ‘ಗಾಡೀಲಿ ತೊಂದ್ರೆ ಏನಾದ್ರೂ ಇದ್ರೆ ಈಗಲೇ ಹೇಳ್ಬಿಡಿ.’ ಏನೂ ಇಲ್ಲಪ್ಪ, ಚಿನ್ನದಂಥ ಗಾಡಿ ಎಂದೆ. ಮಾನ್ಯರೇ, ನಾನು ಸುಳ್ಳು ಹೇಳಲಿಲ್ಲ. ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟುವುದನ್ನು ಯಾರಾದರೂ ಪಾದದ ದೋಷವೆಂದು ತಿಳಿಯುತ್ತಾರೆಯೇ? ಮೊಣಕಾಲು ಒತ್ತುವುದು ನನಗೆ ಹಾಗೇ ಆಗಿಹೋಗಿತ್ತು.

ಹೊರ ಪ್ರಾಂತ್ಯದಿಂದ ಬಂದ ಹಳೆಯ ವಾಹನ ಮೊದಲು ತಮ್ಮ ಅಂಗಳದಲ್ಲಿ ಇಳಿಯಬೇಕು, ಸ್ವಂತ ಬಲದಿಂದ ತಪಾಸಣೆಯ ಸಾಲಿನಲ್ಲಿ ಸಾಗಬೇಕು ಎಂಬುದು ನಿಯಮ. ಇಂಗ್ಲಿಷಿನಲ್ಲಿ ‘ಅಂಡರ್ ಇಟ್ಸ್ ಓನ್ ಪವರ್’ ಎಂದು ಬರೆದಿದ್ದೀರಿ. ಗಂಭೀರವಾದ ಮಾತು. ನಾನು ಪೆಟ್ಟಿಗೆಗಳ ಜೊತೆ ರೈಲಿನಲ್ಲಿ ಬಂದು ತಲುಪುವಷ್ಟರಲ್ಲಿ, ಲಾರಿಯಿಂದ ಹಲಗೆಯ ಮೇಲೆ ಉರುಳಿಸಿ ಇಳಿಸಿದ್ದ ಕಾರಿನಲ್ಲಿ ತಮ್ಮ ತಪಾಸಕರು ಒಬ್ಬರೇ ಕೂತು ಕೀ ತಿರುಗಿಸಿ, ಟಕ್ ಎನಿಸಿ, ಮುಂಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದಾಗಿತ್ತು. ಓಡಿ ಬಂದೆ. ಗೇಟಿನಲ್ಲಿ ಕಾವಲುಗಾರರು ತಡೆದರು.

‘ಲೈಸೆನ್ಸ್ ಇದ್ಯಾ ತಾತ? ಇಲ್ದೋರು ಒಳಗೆ ಹೋಗೋ ಹಾಗಿಲ್ಲ.’

‘ನಾನು ಓಡಿಸಲ್ಲಪ್ಪ. ಮೊಣಕಾಲು ಒತ್ತಿ ಬಂದುಬಿಡ್ತೀನಿ.’

‘ಯಾರದ್ದು? ಸಾಹೇಬರದ್ದಾ?’

ಸರತಿಯಲ್ಲಿದ್ದವರೆಲ್ಲ ನಕ್ಕರು. ನಾನು ಗೇಟಿನ ಸರಳು ಹಿಡಿದು, ಒಂದು ಕಾಲೆತ್ತಿ, ಗಾಳಿಯಲ್ಲಿ ಒತ್ತಿ ತೋರಿಸಿದೆ. ಅವರಿಗೆ ಕಾರಿನ ರಹಸ್ಯ ತಿಳಿಯಲಿಲ್ಲ, ಮುದುಕ ಬೀಳುವುದು ಮಾತ್ರ ತಿಳಿಯಿತು. ಕೂತ್ಕೊಳ್ಳಿ ಎಂದು ಕಾವಲುಗಾರರು ತಾವು ಕೂರುತ್ತಿದ್ದ ಸ್ಟೂಲು ಕೊಟ್ಟರು. ತಮ್ಮ ಇಲಾಖೆಯಿಂದ ನನಗೆ ಇದುವರೆಗೆ ದೊರೆತ ಪರಿಹಾರ ಆ ಸ್ಟೂಲೊಂದೇ.

ಲೈಸೆನ್ಸ್ ಇರುವ ತಂಗಿಯನ್ನು ಕಳಿಸಿದೆ. ವಾಹನಕ್ಕೆ ಒಬ್ಬರೇ ಎಂದರು. ಅವಳು ಕುಳ್ಳಿ, ಬಲಗಡೆ ಕೂತು ಎಷ್ಟು ಬಾಗಿದರೂ ಕೈ ಅಲ್ಲಿಗೆ ಎಟುಕಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮ ಸಿಬ್ಬಂದಿಯನ್ನು ‘ಒಂಚೂರು ಒತ್ತಿಪ್ಪ’ ಎಂದು ಬೇಡಿದಳು. ತೀರ್ಪಾದ ವಾಹನವನ್ನು ಅವರು ಮುಟ್ಟುವಂತಿಲ್ಲವಂತೆ. ಕಚೇರಿಯ ಕಿಟಕಿಗೆ ಹೋದರೆ ಅಲ್ಲಿನ ಮೇಡಂ ಬಹಳ ಮರ್ಯಾದೆಯಿಂದ ರಿಪೇರಿ ಮಾಡಿಸಿಕೊಂಡು ಬನ್ನಿ ಸರ್ ಎಂದರು.

‘ಹಾಗಾದ್ರೆ ಗಾಡಿ ಹೊರಗೆ ಬಿಡಿ ಮೇಡಂ.’

‘ಸ್ಟಾರ್ಟ್ ಆಗದ ಗಾಡಿ ಹೊರಗೆ ಬಿಡಲ್ಲ ಸರ್.’

‘ಮೆಕ್ಯಾನಿಕ್ಕನ್ನ ಒಳಗೆ ಬಿಡ್ತೀರಾ?’

‘ಒಳಗಡೆ ರಿಪೇರಿ ಮಾಡೋ ಹಾಗಿಲ್ಲ ಸರ್.’

ಇದನ್ನು ವಿಷಿಯಸ್ ಸರ್ಕಲ್ ಎನ್ನುತ್ತಾರೆಂದು ಓದಿದ ನೆನಪು. ಆ ವೃತ್ತಕ್ಕೆ ಗೇಟೂ ಇರುತ್ತದೆಂದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಒಬ್ಬರಿಂದ ಹೊರಡದೆ ಇಬ್ಬರಿಂದ ಹೊರಟರೆ ಅದು ಆಯುಷ್ಯ ಮುಗಿದ ಲಕ್ಷಣವೇ? ತಮ್ಮ ಕಚೇರಿಯಲ್ಲಿ ಒಬ್ಬರೇ ರುಜು ಹಾಕಿದರೆ ಹೊರಡುವ ಕಡತ ಯಾವುದಿದೆ, ತಾವೇ ಹೇಳಿ. ಅವುಗಳ ಮೇಲೆ ಕೆಂಪು ಗೆರೆ ಎಳೆಯುವವರು ಯಾರು?

ಕೊನೆಗೆ ನಮ್ಮ ಹಳೆಯ ಊರಿನ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಆ ಪಾರ್ಟ್ ಈಗ ಸಿಗುವುದಿಲ್ಲ ಎಂದು ಬರೆದುಕೊಟ್ಟರೆ ತಮಗೆ ತೋರಿಸಬಹುದೆಂದು ನನ್ನ ಲೆಕ್ಕಾಚಾರ.

‘ಯಾವ ಪಾರ್ಟ್ ಅಣ್ಣ?’ ಎಂದರು. ‘ಅದು ವೈರು ಬಿಗಿ ಮಾಡಿದ್ರೆ ಮುಗೀತು. ಚಹಾ ಆರೋ ಅಷ್ಟರಲ್ಲಿ ಆಗೋ ಕೆಲಸ. ಬಂದಾಗೆಲ್ಲ ಅಕ್ಕನಿಗೆ ಹೇಳ್ತಾನೇ ಇದ್ದೆ. ಬೇಡಪ್ಪ, ಸರಿ ಮಾಡ್ಬಿಟ್ರೆ ಅವರು ಕುರ್ಚಿಯಿಂದ ಏಳೋದೇ ಇಲ್ಲ ಅಂತಿದ್ರು. ನಿಮಗೆ ಗೊತ್ತಿದೆ ಅನ್ಕೊಂಡಿದ್ದೆ.’

ನನಗೆ ಗೊತ್ತಿರಲಿಲ್ಲ, ಮಾನ್ಯರೇ. ಫೋನಿಟ್ಟ ಮೇಲೆ ತಂಗಿಯ ಅಡುಗೆಮನೆಯಲ್ಲಿ ಕಟ್ಟೆ ಹಿಡಿದು ನಿಂತೇ ಇದ್ದೆ. ಏನಾಯ್ತಣ್ಣ ಎಂದು ಅವಳು ಕೇಳಿದ್ದಕ್ಕೆ ಲೈನು ಕಟ್ಟಾಯಿತು ಎಂದೆ. ತಾವು ಯಾವುದನ್ನು ಯಂತ್ರಕ್ಕೆ ಹಾಕಲಿದ್ದೀರೋ ಅದು ಇಷ್ಟು ದಿನ ನನಗೆ ಹೆಂಡತಿಯ ಕಾರಾಗಿತ್ತು. ಈಗ ಹಾಗಲ್ಲ. ನನ್ನನ್ನು ಮನೆಯಿಂದ ಹೊರಡಿಸಲು ಅವಳು ಕೆಟ್ಟದ್ದನ್ನು ಕೆಟ್ಟಂತೆಯೇ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಳು. ಆ ಸಡಿಲ ವೈರು ಅವಳು ಮಾಡಿದ ಏರ್ಪಾಡು. ಇದನ್ನು ತಮ್ಮ ತಪಾಸಣೆಯ ಯಾವ ಕಲಮಿನಡಿ ಬರೆಯುತ್ತೀರೋ ನಾನರಿಯೆ.

ನಾನು ಕೇಳುವುದಿಷ್ಟೆ. ನಿಯಮ ಬದಲಿಸಬೇಡಿ, ವಿನಾಯಿತಿ ಬೇಡ, ಕನಿಕರವೂ ಬೇಡ. ತಿಂಗಳು ಮುಗಿಯುವ ಮೊದಲು ಒಂದು ಸಲ ಗೇಟು ತೆರೆಸಿ. ತಂಗಿ ಬಲಗಡೆ ಕೂರುತ್ತಾಳೆ, ನಾನು ಎಡಗಡೆ. ತಾವೂ ಬಂದು ಎದುರಿಗೆ ನಿಲ್ಲಿ. ಸ್ಟಾರ್ಟ್ ಆಗದಿದ್ದರೆ ಕೀ ತಮ್ಮ ಕೈಗಿಟ್ಟು ನಡೆದುಕೊಂಡು ಹೋಗುತ್ತೇನೆ, ಮತ್ತೆ ತಮ್ಮ ಗೇಟಿಗೆ ಬರುವುದಿಲ್ಲ. ಸ್ಟಾರ್ಟ್ ಆದರೆ ಆ ಕೆಂಪು ಬಣ್ಣ ಅಳಿಸಿಕೊಡಿ. ವೈರು ಬಿಗಿ ಮಾಡಿಸಲೇಬೇಕೆಂಬ ಷರತ್ತು ಮಾತ್ರ ದಯವಿಟ್ಟು ಹಾಕಬೇಡಿ.

ನಿನ್ನೆ ತಂಗಿ ಕೇಳಿದಳು, ಕಾರು ಬಿಟ್ಟುಕೊಟ್ಟರೆ ಮೊದಲು ಅದನ್ನ ಸರಿ ಮಾಡಿಸೋಣ್ವಾ ಅಣ್ಣ ಎಂದು. ವ್ಯಾನಿನ ಕೆಲಸ ಬಿಟ್ಟ ಮೇಲೆ ಅವಳು ಹೊಸ್ತಿಲು ದಾಟುತ್ತಿರುವುದು ತಮ್ಮ ಅಂಗಳಕ್ಕೆ ಬರಲು ಮಾತ್ರ. ಉಳಿದ ಹೊತ್ತು ಟಿವಿಯ ಮುಂದೆ ಒಂದೇ ಕಡೆ ಕೂತಿರುತ್ತಾಳೆ. ಹಳೇ ಗಾಡಿ, ಪಾರ್ಟ್ ಸಿಗಲ್ವಂತೆ ಎಂದಿದ್ದೇನೆ. ಅವಳು ಪತ್ರಿಕೆ ಓದುವವಳಲ್ಲ. ತಾವೂ ಹೇಳಬೇಡಿ.

ಇಂತಿ,
ತಮ್ಮ ಗೇಟಿನ ಸ್ಟೂಲಿನ ಮೇಲೆ ಕೂತಿರುವ,
ಎಡಗಡೆ ಸೀಟಿನವನು