ಮ್ಯಾಲ ಯಾರು ನೋಡಬೇಕು?

ಗಚ್ಚಿಬೌಲಿ, ಹೈದರಾಬಾದ್

ಅಕ್ಕಾ,

ನಾ ಬಂದು ಮುಟ್ಟೀನಿ. ಕಟ್ಟಾಕತ್ತಿದ್ದ ಸಾಫ್ಟ್‌ವೇರ್ ಆಫೀಸಿನ ಸ್ಲ್ಯಾಬ್ ಕುಸಿದಾಗ ಬದುಕಿ ಉಳಿದ ನಮ್ಮ ರಾಯಚೂರು ಕಡೆ ಕೂಲಿಯವರನ್ನ ಪಕ್ಕದ ಅರ್ಧ ಕಟ್ಟಿದ ಬಿಲ್ಡಿಂಗಿನ್ಯಾಗೇ ಇಟ್ಟಾರ. ಅವರ ಅಂಜಿಕಿ ಬಿಡಸಾಕ ಮನಶ್ಶಾಸ್ತ್ರದವರು ನಾಕು ಮಂದಿ ಬಂದೀವಿ. ಕಾಲೇಜಿನ್ಯಾಗ ಕಲಿಸಿದಂಗ, "ಕಣ್ಣು ಮುಚ್ಚಿ ಉಸಿರು ಎಳಕೋರಿ" ಅಂದೆ. ಒಬ್ಬರೂ ಮುಚ್ಚಲಿಲ್ಲ.

"ಎಲ್ಲಾರೂ ಮುಚ್ಚಿದ್ರ ಮ್ಯಾಲ ಯಾರು ನೋಡಬೇಕ್ರಿ, ಬಾಯಾರ?" ಅಂದ್ಲು ಗದಿಗೆಮ್ಮ, ಆ ಸ್ಲ್ಯಾಬಿನ ಕೆಳಗ ಗಂಡನ್ನ ಕಳಕೊಂಡಾಕಿ. "ನೀವು ಮುಚ್ಚರಿ, ನಾ ನೋಡತೀನಿ."

ನಾನೂ ಮ್ಯಾಲ ನೋಡಿದೆ. ಛತ್ತಿನ್ಯಾಗ ಒಂದು ಸಣ್ಣ ಬಿರುಕು ಐತಿ. ನನಗ ಕಣ್ಣು ಮುಚ್ಚಾಕ ಆಗಲಿಲ್ಲ.

ಬಿರುಕಿನ ಸುದ್ದಿ ಅವ್ವಗ ಹೇಳಬ್ಯಾಡ. ಈ ಕಾರ್ಡು ಬರೆಯೂತನಕ ಗದಿಗೆಮ್ಮ ನನ್ನ ಸಲುವಾಗಿ ಮ್ಯಾಲ ನೋಡಾಕತ್ತಾಳ. ಆಕಿಗೂ ಕಣ್ಣು ಎಳ್ಯಾಕತ್ತಾವು, ಇಲ್ಲಿಗೇ ಬಿಡತೀನಿ.

ನಿನ್ನ ದಾನೇಶ್ವರಿ